ಮುದುಕಿ ಸಮೇತ

ಮೆಟ್ಟಿಲ ಬುಡದಲ್ಲಿ ದಲ್ಲಾಳಿ ಬೂಟಿನ ಮೇಲೆ ಎಳೆದುಕೊಳ್ಳಲು ಎರಡು ನೀಲಿ ಚೀಲ ಕೊಟ್ಟಾಗಲೇ ಪಾಶ್ಕೊನ ಮೈ ಉರಿದುಹೋಯಿತು. ಆಸ್ಪತ್ರೆಯಲ್ಲಿ ಸಾಯಲು ಬಿದ್ದವರನ್ನು ನೋಡಲು ಹೋಗುವಾಗ ಕೊಡುವಂಥ ಚೀಲಗಳು. ದಲ್ಲಾಳಿಯ ಹೆಸರು ವಿಟ್. ಅದು ಹೆಸರೋ ಹೆಸರಿನ ತುಂಡೋ ಎಂದು ಪಾಶ್ಕೊ ಕೇಳಿರಲಿಲ್ಲ. ಇಂಥವರ ಹಲ್ಲು ನೋಡಿದರೆ ಸಾಕು, ಹೆಸರು ಬೇಕಾಗುವುದಿಲ್ಲ. ವಿಟ್ ಮೆಟ್ಟಿಲ ಕೈಹಿಡಿಯನ್ನು ಕುದುರೆಯ ಬೆನ್ನು ಸವರುವಂತೆ ಸವರಿ, "ನೋಡಿ, ಓಕ್ ಮರ. ಯುದ್ಧಕ್ಕೆ ಮುಂಚಿನ ಕಟ್ಟಡ ಅಂದ್ರೆ ಇದು. ಈಗ ಇಂಥ ಗೋಡೆ ಯಾರು ಕಟ್ಟಿಸ್ತಾರೆ ಹೇಳಿ," ಅಂದ. ಯುದ್ಧಕ್ಕೆ ಮುಂಚೆ, ಯುದ್ಧಕ್ಕೆ ಮುಂಚೆ. ಈ ನ್ಯೂಯಾರ್ಕಿನಲ್ಲಿ ಮನೆ ಮಾರುವವರೆಲ್ಲ ಈ ಮಾತನ್ನು ತುಪ್ಪದಂತೆ ಬಡಿಸುತ್ತಾರೆ. ಯಾವ ಯುದ್ಧ ಎಂದು ಕೇಳಬೇಕು ಅನ್ನಿಸಿತು ಪಾಶ್ಕೊನಿಗೆ. ಅವನ ಅಲ್ಬೇನಿಯದ ಗುಡ್ಡದ ಜನಕ್ಕೆ ಯುದ್ಧಕ್ಕೆ ಮುಂಚೆ ಅನ್ನುವ ಕಾಲವೇ ಗೊತ್ತಿಲ್ಲ. ಒಂದು ಯುದ್ಧಕ್ಕೂ ಇನ್ನೊಂದಕ್ಕೂ ನಡುವಿನ ಸಂದಿಯಲ್ಲಿ ಮದುವೆಯಾಗಿ, ಆ ಸಂದಿಯಲ್ಲೇ ಹೆತ್ತು, ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದು ಬದುಕಿದವರು. ಇಲ್ಲಿ ಗೋಡೆಗೆ ವಯಸ್ಸಾದರೆ ಬೆಲೆ ಏರುತ್ತದೆ. ಗೋಡೆಯೊಳಗಿನ ಮನುಷ್ಯನಿಗೆ ವಯಸ್ಸಾದರೆ ಇಳಿಯುತ್ತದೆ. ಅವನು ಇಲ್ಲಿಗೆ ಬಂದದ್ದು ಆ ಇಳಿದ ಬೆಲೆಗೇ ಅಲ್ಲವೇ.

ಎಂಟೇ ಮನೆಗಳ ಕಟ್ಟಡ, ಲಿಫ್ಟ್ ಇಲ್ಲ. ಮೂರನೇ ಮಹಡಿಯ ಮನೆ ಮಾರಾಟಕ್ಕಿತ್ತು, ಮುದುಕಿ ಸಮೇತ. ವಿಟ್ ಹಾಗೆ ಹೇಳಿರಲಿಲ್ಲ. ಫೋನಿನಲ್ಲಿ ಅವನು ಹೇಳಿದ್ದು "ಒಳಗೆ ಜನ ಇರುವ ಆಸ್ತಿ" ಅಂತ. ಕಟ್ಟಡವನ್ನು ಹಿಂದೆ ಯಾವಾಗಲೋ ಬಾಡಿಗೆಯಿಂದ ಬಿಡಿಸಿ ಒಂದೊಂದೇ ಮನೆಯಾಗಿ ಮಾರಿದಾಗ ಎಲ್ಲರೂ ಕೊಂಡರು ಅಥವಾ ಕಾಸು ತೆಗೆದುಕೊಂಡು ಎದ್ದರು. ಇವಳೊಬ್ಬಳು ಕೊಳ್ಳಲೂ ಇಲ್ಲ, ಏಳಲೂ ಇಲ್ಲ. ಹಳೆಯ ಬಾಡಿಗೆ, ಹಳೆಯ ಕಾನೂನು. ಮನೆಯ ಒಡೆಯ ಯಾರಾದರೂ ಆಗಲಿ, ಅವಳು ಸಾಯುವವರೆಗೆ ಎಬ್ಬಿಸುವಂತಿಲ್ಲ. ಅವಳು ಕೊಡುವ ಬಾಡಿಗೆ ಕಟ್ಟಡದ ತಿಂಗಳ ಖರ್ಚಿಗೂ ಸಾಲದು, ಮೇಲಿನದನ್ನು ಒಡೆಯ ತುಂಬಬೇಕು. ಅದಕ್ಕೇ ಅರ್ಧ ಬೆಲೆ. ಮಿಕ್ಕ ಅರ್ಧ ಬೆಲೆ ಅವಳ ಎದೆಯಲ್ಲಿ ಡವಡವ ಎನ್ನುತ್ತಿರುತ್ತದೆ. ನಿಂತ ದಿನ ಅದು ನಿನ್ನದು. ಊರಿಗೆ ಊರೇ ಈ ಜೂಜು ಆಡುತ್ತದೆ, ವಕೀಲರು ಆಡುತ್ತಾರೆ, ಹಲ್ಲಿನ ವೈದ್ಯರು ಆಡುತ್ತಾರೆ, ಮಾನವಂತರೇ ಆಡುತ್ತಾರೆ. ಸೋಮವಾರ ರುಜು ಹಾಕದಿದ್ದರೆ ಒಬ್ಬ ಹಲ್ಲಿನ ವೈದ್ಯ ಕಾದಿದ್ದಾನೆ ಎಂದಿದ್ದ ವಿಟ್.

"ಈ ಮೆಟ್ಟಿಲನ್ನೇ ಹತ್ತಿ ಇಳೀತಾರೆ, ಪಾಪ," ಅಂದ ವಿಟ್ ಎರಡನೇ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತ. "ಈ ವಯಸ್ಸಲ್ಲಿ. ಈ ಚಳೀಲಿ. ಮಂಜು ಬಿದ್ದಿರುತ್ತೆ, ಬಾಗಿಲ ಹತ್ರ ಜಾರುತ್ತೆ. ನನಗೇ ಭಯ ಆಗುತ್ತೆ." ಅವನ ದನಿಯಲ್ಲಿ ಭಯಕ್ಕಿಂತ ಭರವಸೆ ಹೆಚ್ಚಿತ್ತು. ಆಮೇಲೆ ದನಿ ತಗ್ಗಿಸಿ, "ಹೋದ ತಿಂಗಳು ಕೆಮ್ಮು ಇತ್ತು. ನಾನು ಹೇಳೋದು ತಪ್ಪು, ಆದರೂ ನೀವು ಕೊಳ್ಳೋರು, ತಿಳಿದಿರಲಿ."

"ಈಗ?"

"ಈಗ ಅಷ್ಟಿಲ್ಲ," ಅಂದ ವಿಟ್, ಮಾಲಿನ ಸಣ್ಣ ಕೊರತೆಯನ್ನು ಒಪ್ಪಿಕೊಳ್ಳುವವನ ಹಾಗೆ.

ಈಗ? ಎಂದು ತಾನೇಕೆ ಕೇಳಿದೆ. ಅಷ್ಟು ಬೇಗ ಕೇಳಿದೆ. ನಾಲಗೆ ಹಲ್ಲಿನ ಹಿಂದೆಯೇ ಕಾದು ಕೂತಿತ್ತು ಅನ್ನುವ ಹಾಗೆ. ಪಾಶ್ಕೊ ಬಲಗೈಯನ್ನು ಜಾಕೆಟ್ಟಿನ ಜೇಬಿಗೆ ತುರುಕಿದ. ಬೆರಳಿಗೆ ಅಳತೆಪಟ್ಟಿ ತಗುಲಿತು. ಬೆಳಿಗ್ಗೆ ಹೆಂಡತಿ ದ್ರಾನೆ ಕೊಟ್ಟದ್ದು. ಏಳು ತಿಂಗಳ ಹೊಟ್ಟೆಯನ್ನು ಮುಂದೆ ಮಾಡಿಕೊಂಡು, ತಾವಿರುವ ನೆಲಮಾಳಿಗೆಯ ಆ ಒಂದೇ ಕಿಟಕಿಯ ಕೆಳಗೆ ನಿಂತು, "ಚಿಕ್ಕ ರೂಮು ಅಳ್ಕೊಂಡು ಬಾ. ತೊಟ್ಟಿಲು ಕಿಟಕಿ ಕಡೆ ಹಿಡಿಸುತ್ತಾ ನೋಡು. ಮನೆ ಬೆಚ್ಚಗಿಡೋ ಹಬೆಪೆಟ್ಟಿಗೆ ಎಲ್ಲಿದೆ ನೋಡು, ಮಗುಗೆ ತೀರಾ ಹತ್ರ ಬೇಡ," ಅಂದಿದ್ದಳು. ಅವರ ಕಿಟಕಿಯಲ್ಲಿ ಕಾಣುವುದು ದಾರಿಹೋಕರ ಕಾಲು ಮಾತ್ರ. ಮಗು ಹುಟ್ಟಿ ಮೊದಲು ಕಲಿಯುವುದು ನಾಯಿಗಳ ಮುಖ, ಮನುಷ್ಯರ ಬೂಟು. ಆ ಮಾತು ಹೇಳಿ ದ್ರಾನೆ ನಕ್ಕಿದ್ದಳು, ನಗುತ್ತಲೇ ಕಣ್ಣು ಒರೆಸಿಕೊಂಡಿದ್ದಳು. ಅಲ್ಲಿಯೇ ಒಲೆಯ ಮುಂದೆ ಮೆಣಸಿನಕಾಯಿ ಸುಡುತ್ತಿದ್ದ ಅವನ ತಾಯಿ ಪ್ರೆಂಡಾ ತಿರುಗಿ ನೋಡದೆಯೇ ಹೇಳಿದ್ದಳು: "ಕೊಳ್ಳೋದಾದ್ರೆ ಕೊಳ್ಳು. ನಾನು ಬೇಡ ಅನ್ನಲ್ಲ. ಆದ್ರೆ ಆ ಮನೇಲಿ ಏನೂ ಬಾಯಿಗೆ ಹಾಕ್ಬೇಡ. ಕಾಫಿ ಕೊಡ್ತಾಳೆ, ಕುಡೀಬೇಡ. ನೀರೂ ಲೆಕ್ಕಾನೇ. ಒಬ್ಬಳ ಕೈಯಿಂದ ಕುಡಿದು ಅವಳ ಸಾವು ಕಾಯೋನು ನಮ್ಮ ಮನೇಲಿ ಹುಟ್ಟಿಲ್ಲ. ಕುಡೀದೆ ಕಾಯಿ. ಕುಡೀದೇ ಇದ್ರೆ ಅದು ಬರೀ ವ್ಯಾಪಾರ." ಎಂಥ ಧರ್ಮ ನೋಡು. ಗಂಟಲು ಒಣಗಿದ್ದರೆ ಕೊಲೆಗಡುಕನೂ ಮಾನವಂತ.

ಬಾಗಿಲು ತೆಗೆದವಳು ಅವನು ಎಣಿಸಿದ್ದಕ್ಕಿಂತ ಗಿಡ್ಡ, ಎಣಿಸಿದ್ದಕ್ಕಿಂತ ಗಟ್ಟಿ. ಮೈತುಂಬ ಕಪ್ಪು, ತುಟಿಗೆ ಮಾತ್ರ ಕೆಂಪು ಬಣ್ಣ, ಈಗ ತಾನೇ ಹಚ್ಚಿಕೊಂಡದ್ದು. ಹೆಸರು ಸ್ತಮಾತಿಯಾ. ಗ್ರೀಕರು ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ದೇವರಿಗೆ ನಿಲ್ಲಿಸಪ್ಪ ಎಂದು ಹೇಳಲು ಇಡುವ ಹೆಸರು. ಪಾಶ್ಕೊನ ಸೋದರತ್ತೆಯೊಬ್ಬಳಿಗೂ 'ಮುಗೀತು' ಎಂಬರ್ಥದ ಹೆಸರೇ ಇತ್ತು. ಸಾಕು ಅನ್ನಿಸಿಕೊಂಡು ಹುಟ್ಟಿದ ಈ ಸಾಕಮ್ಮಂದಿರೇ ಯಾಕೋ ಎಲ್ಲರನ್ನೂ ಹೂಳಿ ಉಳಿಯುತ್ತಾರೆ. ಅವಳು ವಿಟ್‌ನ ಮುಖ ನೋಡಲಿಲ್ಲ. ಪಾಶ್ಕೊನ ಕಾಲಿನ ನೀಲಿ ಚೀಲ ನೋಡಿದಳು.

"ಅದನ್ನ ಕಿತ್ತು ಬಿಸಾಕು. ನಾನೇನು ಕೊಳೆತು ನಾರ್ತಾ ಇದೀನಾ?"

ವಿಟ್ ಗಹಗಹಿಸಿದ. "ನೋಡಿದ್ರಾ, ಎಷ್ಟು ತಮಾಷೆ ನಮ್ಮ ಅಮ್ಮ!"

"ನಿನ್ನಮ್ಮ ಎಲ್ಲಿದಾಳೋ ಅಲ್ಲಿಗೆ ಹೋಗಿ ತಮಾಷೆ ಮಾಡು," ಅಂದಳು ಅವಳು. "ಕೂತ್ಕೊಳ್ಳಿ. ಕಾಫಿ ಇಡ್ತೀನಿ."

"ನನಗೆ ಬೇಡ ಅಮ್ಮ," ಅಂದ ಪಾಶ್ಕೊ.

"ಸಿಹಿ ಬೇಡ್ವಾ, ಕಾಫೀನೇ ಬೇಡ್ವಾ?"

"ಈಗ ತಾನೇ ಕುಡಿದು ಬಂದೆ."

ಅವಳು ಒಂದು ಗಳಿಗೆ ಅವನನ್ನು ನೋಡಿ ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಪಾಶ್ಕೊ ಅತ್ತ ತಿರುಗಿದ. ಎಲ್ಲಿಗೆ ತಿರುಗುವುದು? ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಉಣ್ಣದೆ ಎಣಿಸುವವನಿಗೆ ಅಡ್ಡಿಯಿಲ್ಲ. ಅವನು ಎಣಿಸಿದ. ಎತ್ತರದ ಮಾಳಿಗೆ, ಅಂಚಿಗೆ ಗಾರೆಯ ಬಳ್ಳಿ, ಮೂಲೆಯಲ್ಲಿ ಒಂದು ಎಲೆ ಉದುರಿದೆ, ಸರಿಮಾಡಬಹುದು. ನೆಲ ಕೆಳಗಡೆ ಒಳ್ಳೆಯ ಮರ, ಮೇಲೆ ಅವಳು ಹಾಸಿದ ದರಿದ್ರ ರತ್ನಗಂಬಳಿ. ಗೋಡೆಗೆ ಹಳದಿ ಬಳಿದವರು ಯಾರು, ಅದು ಹೋಗಬೇಕು. ಆ ಸಂತನ ಪಟ ಹೋಗಬೇಕು. ಆ ಕುರ್ಚಿ ಹೋಗಬೇಕು. ಕುರ್ಚಿಯ ಮೇಲೆ ಅವಳ ಬೆನ್ನು ಒತ್ತಿ ಒತ್ತಿ ಆದ ಗುಳಿ ಇತ್ತು. ಗುಳಿ ಹೋಗಬೇಕು ಎಂದು ಮನಸ್ಸು ತನ್ನ ಪಾಡಿಗೆ ಹೇಳಿಕೊಂಡು ಹೋಗುತ್ತಿತ್ತು, ಹರಾಜಿನವನ ಹಾಗೆ, ಅದನ್ನು ತಡೆಯುವವರು ಯಾರೂ ಇರಲಿಲ್ಲ. ಜನವರಿಯಲ್ಲಿ ಕಿಟಕಿ ಪೂರ್ತಿ ತೆರೆದಿತ್ತು. ಕೆಳಗಿನ ಬಾಯ್ಲರಿನಿಂದ ಹಬೆ ಕೊಳವೆಯಲ್ಲಿ ಹತ್ತಿ ಬಂದು ಕಿಟಕಿಯ ಬುಡದ ಕಬ್ಬಿಣದ ಹಬೆಪೆಟ್ಟಿಗೆಗೆ ತುಂಬಿ ಮನೆಯನ್ನು ಬೇಯಿಸುತ್ತಿತ್ತು, ಜನ ಕಿಟಕಿ ತೆರೆದಿಟ್ಟು ಬೀದಿ ಬೆಚ್ಚಗೆ ಮಾಡುತ್ತಿದ್ದರು. ಪೆಟ್ಟಿಗೆ ಢಣ್ ಎಂದಿತು. ಯಾರೋ ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಮತ್ತೆ ಢಣ್, ಢಣ್. ವಿಟ್ ಬೆಚ್ಚಿದ. ಪಾಶ್ಕೊ ಬೆಚ್ಚಲಿಲ್ಲ, ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟ ದಿನದಿಂದ ಚಿಕ್ಕಪ್ಪನ ಜೊತೆ ಬಾಯ್ಲರ್ ಕೆಲಸದಲ್ಲಿ ಅವನು ಕೇಳಿದ್ದು ಈ ಸದ್ದನ್ನೇ.

ಚಿಕ್ಕ ಕೋಣೆಯಲ್ಲಿ ಅವಳ ಮಂಚವಿತ್ತು. ಒಬ್ಬರೇ ಮಲಗುವ ಮಂಚ. ಪಾಶ್ಕೊ ಬಾಗಿಲಲ್ಲೇ ನಿಂತ. ಜೇಬಿನಲ್ಲಿ ಅಳತೆಪಟ್ಟಿ ಬೆವರುತ್ತಿತ್ತು. ಅಳೆಯದೆ ಹೋದರೆ ದ್ರಾನೆ ಏನನ್ನುತ್ತಾಳೆ. ಅಳೆದರೆ ಈ ಮುದುಕಿ ಏನನ್ನುತ್ತಾಳೆ. ಕಣ್ಣಂದಾಜಿನಲ್ಲೇ ಅಳೆದುಬಿಡೋಣ ಎಂದು ಅವನು ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಗೋಡೆಯ ಪಕ್ಕ ನಡೆಯತೊಡಗಿದ. ಹಿಂದಿನಿಂದ ಅವಳ ದನಿ ಬಂತು.

"ಏನದು, ಕುಣಿತಾ ಇದೀಯಾ? ಜೇಬಲ್ಲಿ ಪಟ್ಟಿ ಇದೆಯಲ್ಲ, ತೆಗಿ."

ಅವನು ತೆಗೆದ. ಅವಳು ತುದಿ ಕಿತ್ತುಕೊಂಡು ಹೋಗಿ ಕಿಟಕಿಯ ಕೆಳಗೆ ಗೋಡೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. "ಎಳಿ. ಗಟ್ಟಿಯಾಗಿ ಎಳಿ. ನನ್ನ ಗಂಡ ಹೋದಾಗ ಮಣ್ಣು ಮಾಡೋ ಕಂಪನಿಯವನೂ ಇಂಥದೇ ಪಟ್ಟಿ ತಂದಿದ್ದ. ಅವನು ಒಂದೇ ಸಲಕ್ಕೆ ಅಳೆದು ಮುಗಿಸಿದ." ಪಟ್ಟಿ ಇಬ್ಬರ ನಡುವೆ ಹಳದಿಯಾಗಿ, ಬಿಗಿಯಾಗಿ ನಿಂತಿತು, ಅವಳ ದಿಂಬಿನ ಮೇಲಿನಿಂದ ಹಾದು. ಅವನು ಅಂಕಿ ಓದಿದ, ಮರೆತ, ಮತ್ತೆ ಓದಿದ. "ಏನಿಡ್ತೀಯ ಇಲ್ಲಿ?" ಅಂದಳು.

"ತೊಟ್ಟಿಲು."

"ಹೂಂ," ಅಂದಳು. "ಕಿಟಕಿ ಕಡೆ ಇಡಬೇಡ. ಗಾಳಿ ಬರುತ್ತೆ." ಅವಳ ಹೆಬ್ಬೆರಳು ಗೋಡೆ ಬಿಟ್ಟಿತು, ಪಟ್ಟಿ ಸರ್ರನೆ ಹಾವಿನಂತೆ ಬಂದು ಅವನ ಕೈಗೆ ಬಡಿಯಿತು.

ವಿಟ್‌ಗೆ ಫೋನು ಬಂತು. ಅವನು ಮೆಟ್ಟಿಲ ಕಡೆ ಹೋಗಲು ಬಾಗಿಲು ತೆರೆದಾಗ ಹೊರಗೆ ಒಬ್ಬ ನಿಂತಿದ್ದ, ತಟ್ಟಲು ಎತ್ತಿದ ಕೈ ಹಿಟ್ಟು ಹಿಟ್ಟಾಗಿತ್ತು. ಕೆಳಗಿನ ಮನೆಯವನು, ಗ್ಯಾರೆತ್, ಎಂಟು ಮನೆಗಳ ಸಂಘದ ಅಧ್ಯಕ್ಷ. ಎಂಟು ಮನೆಗೊಬ್ಬ ಅಧ್ಯಕ್ಷ, ಒಬ್ಬ ಖಜಾಂಚಿ, ಒಬ್ಬಳು ಕಾರ್ಯದರ್ಶಿ, ಮಿಕ್ಕವರು ಪ್ರಜೆಗಳು. ಶನಿವಾರ ಬೆಳಿಗ್ಗೆ ಬ್ರೆಡ್ಡು ನಾದುವ ಜಾತಿ. ಅಂಗಡಿಯಲ್ಲಿ ಸಿಗುವುದನ್ನು ಮನೆಯಲ್ಲಿ ಕಷ್ಟಪಟ್ಟು ಮಾಡಿ, ಅದರ ಪಟ ತೆಗೆದು, ಬಡವರ ಹಾಗೆ ಬದುಕುವ ಸುಖ ಸವಿಯುವವರು. ಪಾಶ್ಕೊನ ತಾಯಿ ಬ್ರೆಡ್ಡು ನಾದುವುದನ್ನು ಬಿಟ್ಟ ದಿನ ಹಬ್ಬ ಮಾಡಿದ್ದಳು. ಗ್ಯಾರೆತ್ ಪಾಶ್ಕೊನ ಜಾಕೆಟ್ಟಿನ ಬೆನ್ನು ನೋಡಿದ. ಅಲ್ಲಿ ಚಿಕ್ಕಪ್ಪನ ಕಂಪನಿಯ ಹೆಸರಿತ್ತು, ಹೆಸರಿನ ಕೆಳಗೆ ಬಾಯ್ಲರ್ ಮತ್ತು ಕೊಳವೆ ಕೆಲಸ ಎಂದಿತ್ತು. ಉಣ್ಣೆಯ ಕೋಟು ಹಾಕಿಕೊಂಡು ಹೋಗು ಎಂದಿದ್ದಳು ದ್ರಾನೆ. ಇವರಿಗಾಗಿ ನಾನು ಕೋಟು ಹಾಕಬೇಕೇ ಎಂದು ಹಟದಿಂದ ಇದನ್ನೇ ಹಾಕಿಕೊಂಡು ಬಂದಿದ್ದ.

"ಅಬ್ಬಾ, ಅಂತೂ ಬಂದ್ರಲ್ಲ!" ಅಂದ ಗ್ಯಾರೆತ್. "ಮೂರು ವಾರದಿಂದ ನನ್ನ ತಲೆ ಮೇಲೆ ಕುಲುಮೆ ನಡೀತಾ ಇದೆ. ಈ ಹಬೆಪೆಟ್ಟಿಗೆ ನೋಡಿ ಗೆಳೆಯಾ, ಏನಾದ್ರೂ ಮಾಡಿ."

ನಾನು ಕೊಳ್ಳಲು ಬಂದವನು ಎಂದು ಹೇಳಬೇಕಾಗಿತ್ತು. ಬಹಳ ಸಣ್ಣ ವಾಕ್ಯ. ಶಾಲೆಯಲ್ಲಿ ಎದ್ದುನಿಂತು ಓದು ಎಂದಾಗಲೂ ವಾಕ್ಯಗಳು ಹೀಗೆಯೇ ಸಣ್ಣಗಿರುತ್ತಿದ್ದವು, ಓದುವಷ್ಟರಲ್ಲಿ ಗಂಟಲಲ್ಲಿ ದಪ್ಪವಾಗುತ್ತಿದ್ದವು, ಮೇಷ್ಟರು ಇದೇ ಗ್ಯಾರೆತ್‌ನ ಹಾಗೆ ತಾಳ್ಮೆಯ ನಗೆ ಇಟ್ಟುಕೊಂಡು ಕಾಯುತ್ತಿದ್ದರು. "ನೋಡ್ತೀನಿ ಸಾರ್," ಅಂದ ಪಾಶ್ಕೊ. ಅಂದವನೇ ನಿಜವಾಗಿಯೂ ಹೋಗಿ ಕಿಟಕಿಯ ಮುಂದೆ ಮಂಡಿಯೂರಿದ. ಸಾರ್ ಬೇರೆ! ತನ್ನ ಬೆನ್ನಿನ ಮೇಲೆ ಅವನ ಕಣ್ಣು, ಮುದುಕಿಯ ಕಣ್ಣು. ಇನ್ನೆರಡು ದಿನಕ್ಕೆ ಈ ಮನೆಯ ಒಡೆಯನಾಗುವವನು ಮನೆಯ ಹಬೆಪೆಟ್ಟಿಗೆಯ ಮುಂದೆ ಕಾಲು ಮಡಿಸಿ ಕೂತಿದ್ದಾನೆ.

ಬಾಗಿಲಲ್ಲಿ ವಿಟ್ ಫೋನನ್ನು ಎದೆಗೆ ಒತ್ತಿಕೊಂಡು, "ಗ್ಯಾರೆತ್, ಇವರು... ಇವರೇ ಕೊಳ್ಳೋರು," ಅಂದ.

ಗ್ಯಾರೆತ್ ಜಾಕೆಟ್ಟಿನ ಹೆಸರನ್ನು ಇನ್ನೊಮ್ಮೆ ಓದಿದ. ಆಮೇಲೆ ಅವನ ಮುಖ ಅರಳಿತು, ಅರಳಲೇಬೇಕು ಎಂದು ತೀರ್ಮಾನಿಸಿ ಅರಳಿತು. "ಓಹ್! ಎಷ್ಟು ಚೆನ್ನಾಗಿದೆ! ಕೈ ಕೆಲಸ ಬರೋರು ನಮ್ಮಲ್ಲಿ ಒಬ್ಬರೂ ಇಲ್ಲ. ನಾವೆಲ್ಲ ಬರೀ ಮಾತಿನವರು." ಹಿಟ್ಟಿನ ಕೈ ಚಾಚಿದ, ಹಿಟ್ಟು ನೋಡಿ ಹಿಂದಕ್ಕೆ ತೆಗೆದುಕೊಂಡ, ಹಿಂದಕ್ಕೆ ತೆಗೆದುಕೊಳ್ಳಲು ಹಿಟ್ಟು ಸಿಕ್ಕಿತಲ್ಲ ಎಂಬ ಸಮಾಧಾನ ಅವನ ಮುಖದಲ್ಲಿತ್ತೋ, ಪಾಶ್ಕೊನ ಕಣ್ಣಿನಲ್ಲಿತ್ತೋ. "ನಮ್ಮ ಸ್ತಮಾತಿಯಾ ಅಂದ್ರೆ ಈ ಕಟ್ಟಡದ ನಿಧಿ ಇದ್ದ ಹಾಗೆ," ಅಂದ, ಅವಳು ಅಲ್ಲಿಲ್ಲವೇನೋ ಎಂಬಂತೆ. ಆಮೇಲೆ ಬಗ್ಗಿ ಪಾಶ್ಕೊನ ಕಿವಿಯ ಹತ್ತಿರ, "ನಾವು ಯಾರೂ ಆತುರದಲ್ಲಿಲ್ಲ. ಆದರೂ ಒಂದು ಚಿಕ್ಕ ಸಂಸಾರ ಬಂದ್ರೆ ಕಟ್ಟಡಕ್ಕೆ ಉಸಿರು ಬರುತ್ತೆ, ಅಲ್ವಾ?" ಅಂದು, ಒಲೆಯಲ್ಲಿ ಬ್ರೆಡ್ಡಿದೆ ಎಂದು ಇಳಿದುಹೋದ. ವಿಟ್ ಫೋನಿನ ಜೊತೆ ಮೆಟ್ಟಿಲಿಗೆ ಹೋದ. ಬಾಗಿಲು ಮುಚ್ಚಿಕೊಂಡಿತು.

ಮುದುಕಿ ನಗುತ್ತಿದ್ದಳು. ಸದ್ದಿಲ್ಲದೆ, ಭುಜ ಕುಲುಕಿಸಿ. "ನಿಧಿ ಅಂತೆ. ನಿಧಿಯನ್ನ ಹೂಳ್ತಾರೆ, ಅಲ್ವೇನೋ?" ಅಂದಳು. ಎದುರಿನ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು. ದಪ್ಪ ಕಾಲುಚೀಲದೊಳಗೆ ಕಣಕಾಲು ಬಾತುಕೊಂಡಿತ್ತು. ಪಾಶ್ಕೊ ನೋಡಿದ, ನೋಡಿದ್ದು ತಿಳಿಯದಿರಲೆಂದು ಕೊಳವೆ ನೋಡಿದ.

"ನೋಡು, ನೋಡು. ಬಂದೋರೆಲ್ಲ ಮೊದಲು ಗೋಡೆ ನೋಡ್ತಾರೆ, ಆಮೇಲೆ ನನ್ನ ಕಾಲು. ನೀನು ಕಣ್ಣು ನೋಯಿಸ್ಕೋಬೇಡ, ನಾನೇ ಹೇಳ್ತೀನಿ. ಕಾಲು ನಿಂತು ನಿಂತು ಹೀಗಾಗಿದೆ, ಲಾಂಡ್ರೀಲಿ ಇಸ್ತ್ರಿ ಮಾಡ್ತಿದ್ದೆ. ಎದೆ ಗಟ್ಟಿ. ಸಕ್ಕರೆ ಸ್ವಲ್ಪ. ನಮ್ಮಮ್ಮ ನೂರು ದಾಟಿ ಹೋದಳು, ಅದೂ ಅಂಜೂರದ ಮರದಿಂದ ಬಿದ್ದು." ಅವನ ಮುಖ ನೋಡಿ ಮತ್ತೆ ಭುಜ ಕುಲುಕಿಸಿದಳು. "ಅಯ್ಯೋ, ಬಿಳಿಚಿಕೊಂಡ್ಯಲ್ಲೋ ಹುಡುಗ!"

"ನಾನೇನೂ ಅಂದುಕೊಳ್ಳಲಿಲ್ಲ ಅಮ್ಮ."

"ಅಂದ್ಕೊಂಡೆ. ಅಂದ್ಕೊಳ್ಳೋಕೇ ಬಂದಿದೀಯ. ನೀನು ಅಲ್ಬೇನಿಯದವನು ತಾನೆ?"

"ಹೌದು."

"ನಮ್ಮೂರಿನ ಗುಡ್ಡ ಇಳಿದ್ರೆ ಆಚೆಗೆ ನಿಮ್ಮವರು. ನಮ್ಮಜ್ಜನ ಕುರಿ ಕದ್ದೋರು."

"ನಾವು ಉತ್ತರದ ಕಡೆಯೋರು ಅಮ್ಮ. ಅಲ್ಲಿಯೋರಲ್ಲ."

"ಕದ್ದೋನು ಉತ್ತರದೋನೋ ದಕ್ಷಿಣದೋನೋ ಅಂತ ಕುರಿ ಕೇಳಲ್ಲ," ಅಂದಳು. "ಆದ್ರೆ ಒಂದು ಹೇಳ್ತೀನಿ. ಅಜ್ಜ ಹೇಳ್ತಿದ್ದ, ಅವರು ಕದಿಯೋಕೆ ಮುಂಚೆ ಹಗಲಲ್ಲಿ ಬರ್ತಿದ್ರಂತೆ, ದಾರಿ ಕೇಳೋ ನೆಪ ಮಾಡಿ. ಅಜ್ಜ ನೀರು ಕೊಡ್ತಿದ್ದ. ಕುಡಿದೋನು ಕದೀತಿರಲಿಲ್ಲ. ಬೇಡ ಅಂದೋನು ಬಂದ ದಿನ ಅಜ್ಜ ಬಂದೂಕು ತಗೊಂಡು ಕೊಟ್ಟಿಗೇಲಿ ಮಲಗ್ತಿದ್ದ." ಒಲೆಯ ಮೇಲೆ ಕಾಫಿ ಉಕ್ಕಿತು, ಅವಳು ನಿಧಾನವಾಗಿ ಎದ್ದು ಇಳಿಸಿದಳು. "ನಿಮ್ಮಮ್ಮ ಹೇಳಿ ಕಳಿಸಿದಾಳೆ, ಕುಡೀಬೇಡ ಅಂತ. ಹೌದೋ ಅಲ್ವೋ?"

ಪಾಶ್ಕೊ ಕೊಳವೆಯ ಕಡೆ ಬಗ್ಗಿದ. ಕಿವಿ ಸುಡುತ್ತಿತ್ತು. ಹಬೆಯಿಂದ ಎಂದುಕೊಂಡ.

"ಒಳ್ಳೆಯವಳು ನಿಮ್ಮಮ್ಮ. ಈ ಮನೆಗೆ ಮೂವರು ಒಡೆಯರಾದ್ರು. ಮೂವರೂ ಬಂದು ಈ ಮೇಜಿನ ಹತ್ರ ಕೂತು ಗಟಗಟ ಕುಡಿದ್ರು. ಬಿಸ್ಕತ್ತು ತಿಂದ್ರು. ಕೆನ್ನೆಗೆ ಮುತ್ತು ಕೊಟ್ರು. ಆಮೇಲೆ ಹೋಗಿ ಕಾದ್ರು. ಒಬ್ಬ ಪ್ರತಿ ಕ್ರಿಸ್‌ಮಸ್‌ಗೆ ಫೋನ್ ಮಾಡಿ ಹೇಗಿದೀರಾ ಅಂತಿದ್ದ. ಚೆನ್ನಾಗಿದೀನಿ ಅಂದ್ರೆ ಅವನ ದನಿ ಬಿದ್ದುಹೋಗ್ತಿತ್ತು, ಪಾಪ. ಇಬ್ಬರನ್ನ ನಾನೇ ಮಣ್ಣಿಗೆ ಕಳಿಸಿದೆ. ಮೂರನೆಯೋನು ಸಾಕಾಗಿ ಮಾರ್ತಾ ಇದಾನೆ. ಕುಡೀದೆ ಕಾಯೋಕೆ ಬಂದೋನು ನೀನೊಬ್ಬನೇ."

ಇದು ಹೊಗಳಿಕೆಯೇ? ಪಾಶ್ಕೊ ಜಾಕೆಟ್ಟು ಬಿಚ್ಚಿ ಎಸೆದ. ಎದ್ದು ಹೋಗಬೇಕಾಗಿತ್ತು, ಹೋಗದೆ ಕೊಳವೆಯ ವಾಲ್ವಿನ ತಿರುಪು ಹಿಡಿದ. ಏನಾದರೂ ಕೈಯಲ್ಲಿ ಹಿಡಿಯದಿದ್ದರೆ ಕೂಗಿಬಿಡುತ್ತಿದ್ದ. ತಿರುಪನ್ನು ಅರ್ಧ ಮುಚ್ಚಿದ್ದಾಳೆ. ಸೆಕೆ ತಾಳದೆ ಅರ್ಧ ಮುಚ್ಚುವುದು, ಈ ಊರಿನ ಹಳೆ ಕಟ್ಟಡಗಳಲ್ಲಿ ಎಲ್ಲರೂ ಮಾಡುವ ದಡ್ಡತನ. ಹಬೆ ತಣಿದು ನೀರಾಗಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಅರ್ಧ ಮುಚ್ಚಿದರೆ ಹಬೆ ಒಳಗೆ ಬರುತ್ತದೆ, ನೀರು ಹೊರಗೆ ಹೋಗುವುದಿಲ್ಲ, ಎರಡೂ ಡಿಕ್ಕಿ ಹೊಡೆದು ಬಡಿದಾಡುತ್ತವೆ. ಪೂರಾ ತೆರೆ ಇಲ್ಲ ಪೂರಾ ಮುಚ್ಚು, ಅರ್ಧ ಅನ್ನುವುದಿಲ್ಲ. ಸಾಲದ್ದಕ್ಕೆ ಪೆಟ್ಟಿಗೆಯೂ ಆಚೆ ಕಡೆ ವಾಲಿತ್ತು.

"ಮರದ ಚೂರು ಏನಾದ್ರೂ ಇದೆಯಾ? ತೆಳ್ಳಗೆ, ಗಟ್ಟಿಯಾಗಿರಬೇಕು."

ಅವಳು ಕಪಾಟಿನಿಂದ ಪೆಟ್ಟಿಗೆಯೊಂದನ್ನು ತಂದಳು. ಒಳಗೆ ಪಗಡೆಯಾಟದ ಮರದ ಬಿಲ್ಲೆಗಳು, ಆಡಿ ಆಡಿ ಅಂಚು ಸವೆದವು. "ಅವನದು," ಅಂದಳು. "ಆಡೋಕೆ ಯಾರಿದಾರೆ ಈಗ. ತಗೋ." ಪಾಶ್ಕೊ ಸನ್ನೆಗೋಲಿನಂತೆ ಹೆಗಲು ಕೊಟ್ಟು ಕಬ್ಬಿಣ ಎತ್ತಿ, ಆಚೆ ಕಾಲಿನ ಕೆಳಗೆ ಸತ್ತ ಗಂಡನ ಬಿಲ್ಲೆಗಳನ್ನು ತಳ್ಳಿದ. ತಿರುಪು ಪೂರ್ತಿ ತೆರೆದ. ಒಳಗೆ ಗೊಳಗೊಳ ಎಂದು ನೀರು ಜಾರಿ ಇಳಿಯಿತು. ಗಾಳಿ ಬಿಡುವ ಪುಟ್ಟ ಬುರುಡೆ ಬುಸ್ಸೆಂದು ಉಗುಳಿ ಅವನ ಮಣಿಕಟ್ಟು ಸುಟ್ಟಿತು. ಅವನು ತನ್ನ ಭಾಷೆಯಲ್ಲಿ ಅದರ ತಾಯಿಯನ್ನು ಬೈದ. ಮುದುಕಿ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗಿಟ್ಟಳು. ಅವಳ ಬೆರಳು ಒಣಗಿದ ಕಡ್ಡಿಗಳ ಹಾಗಿದ್ದವು, ಹಿಡಿತ ಮಾತ್ರ ಇಕ್ಕಳ. ಹಬೆಪೆಟ್ಟಿಗೆ ಸುಮ್ಮನಾಗಿತ್ತು. ಮೂರು ವಾರದ ಗದ್ದಲ ಹೋಗಿ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು, ಕೆಳಗೆ ಗ್ಯಾರೆತ್‌ನ ಮನೆಯ ಹಾಡು ಕೇಳಿಸಿತು. ಕೆಲಸ ಮುಗಿಯಿತು ಅನ್ನುವ ಆ ನಿರಾಳ ಭುಜಕ್ಕೆ ಇಳಿಯಿತು, ಯಾವ ಮನೆಯಲ್ಲಾದರೂ ಇಳಿಯುವಂತೆ. ಕೈಗೆ ತಣ್ಣನೆಯದೇನೋ ಬಂತು, ಅವನು ಅದನ್ನೆತ್ತಿ ಒಂದೇ ಗುಟುಕಿಗೆ ಕುಡಿದುಬಿಟ್ಟ.

ಲೋಟ ಕೆಳಗಿಟ್ಟ ಮೇಲೆ ತಿಳಿಯಿತು.

ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಕೆಂಪು ತುಟಿಯಲ್ಲಿ ನಗುವಿರಲಿಲ್ಲ. ಬೇಕೆಂದೇ ಕೊಟ್ಟಳೋ, ಸುಟ್ಟ ಕೈಯವನಿಗೆ ಯಾರಾದರೂ ಕೊಡುವಂತೆ ಕೊಟ್ಟಳೋ. ಉಗುಳಬೇಕು ಅನ್ನಿಸಿತು. ಉಗುಳಲು ಏನೂ ಉಳಿದಿರಲಿಲ್ಲ. ಎಂಥ ಕೂಲಿಯ ಗಂಟಲು ನನ್ನದು, ಯಾರು ಲೋಟ ಕೊಟ್ಟರೂ ಬಾಯಿ ತೆರೆಯುತ್ತದೆ, ನನ್ನನ್ನು ಒಂದು ಮಾತು ಕೇಳುವುದಿಲ್ಲ. ಚಿಕ್ಕಪ್ಪ ಕಲಿಸಿದ ಮೊದಲ ಪಾಠ: ಕೆಲಸ ಮಾಡಿದ ಮನೆಯಲ್ಲಿ ನೀರು ಬೇಡ ಅನ್ನಬೇಡ, ಮನೆಯವರಿಗೆ ಅವಮಾನ. ತಾಯಿ ಕಲಿಸಿದ ಪಾಠ: ಸಾವು ಕಾಯುವ ಮನೆಯಲ್ಲಿ ನೀರೂ ಮುಟ್ಟಬೇಡ. ಎರಡೂ ಪಾಠ ಒಂದೇ ಗಂಟಲಲ್ಲಿ.

"ಮೋಸ," ಅಂದ.

"ನೀರಲ್ಲಿ ಎಂಥ ಮೋಸ? ನಲ್ಲೀದು. ಊರಿಗೆಲ್ಲ ಬರೋದು," ಅಂದಳು.

"ನಾನು ಕೊಳ್ಳಲ್ಲ ಬಿಡಿ. ಮುಗೀತು. ಸೋಮವಾರ ಇಲ್ಲ ಅಂತೀನಿ."

ಅವನ ಕಣ್ಣ ಮುಂದೆ ತಾನು ಮೆಟ್ಟಿಲಿಳಿದು ಹೋಗುವುದು ಕಂಡಿತು, ಎದೆಯುಬ್ಬಿಸಿ, ಮಾನ ಉಳಿಸಿಕೊಂಡು, ಹಿಂದೆ ಸಿನಿಮಾದ ಸಂಗೀತ ಬಿಟ್ಟರೆ ಸಾಕು. ಮುದುಕಿ ಕೈ ಬೀಸಿ ಆ ಚಿತ್ರವನ್ನು ನೊಣ ಓಡಿಸುವಂತೆ ಓಡಿಸಿದಳು.

"ಎಂಥ ಶೂರನಪ್ಪಾ! ನೀನು ಹೋದ್ರೆ ಹಲ್ಲಿನ ಡಾಕ್ಟರು ಬರ್ತಾನೆ. ಅವನು ಆಗಲೇ ಒಂದು ಸಲ ಬಂದಿದ್ದ. ಬಿಸ್ಕತ್ತು ತಿಂದ, ನನ್ನ ಕೆಮ್ಮು ಎಣಿಸಿದ. ಆ ಕೆಳಗಿನ ಅಧ್ಯಕ್ಷನೂ ಅವನೂ ಸೇರಿ ಹಬೆ ನಿಲ್ಲಿಸ್ತಾರೆ, ರಿಪೇರಿ ಅಂತಾರೆ, ಗೋಡೆ ಒಡೀತಾರೆ, ಧೂಳು ಎಬ್ಬಿಸ್ತಾರೆ. ಎಲ್ಲ ಕಾನೂನು ಪ್ರಕಾರ. ನಗ್ತಾ ನಗ್ತಾ." ಅವಳು ಕಾಫಿಯನ್ನು ಎರಡು ಬಟ್ಟಲಿಗೆ ಬಗ್ಗಿಸಿದಳು, ನೊರೆ ಎರಡಕ್ಕೂ ಸಮನಾಗಿ ಬರುವಂತೆ. "ನೀನು ಕುಡಿದಾಗಿದೆ. ಇನ್ನು ನಿನಗೆ ಕಾಯೋಕೆ ಬರಲ್ಲ. ನನಗೆ ಬೇಕಾದ್ದು ಅಂಥೋನೇ. ಕೊಂಡ್ಕೋ."

"ಕೊಂಡು? ಕಾಯದೆ ಏನು ಮಾಡ್ಲಿ?"

"ಹಬೆಪೆಟ್ಟಿಗೆ ನೋಡ್ಕೋ."

ಅವನಿಗೆ ಅವಳ ಕತ್ತು ಹಿಸುಕಬೇಕು ಅನ್ನಿಸಿತು. ಅನ್ನಿಸಿದ್ದು ಸುಳ್ಳಲ್ಲ. ಅದರ ಬೆನ್ನಿಗೇ ಮೆಟ್ಟಿಲಿನ ಮಂಜು ಯಾರು ಕೆರೆಯುತ್ತಾರೆ, ಬಾಗಿಲ ಹತ್ತಿರ ಜಾರುತ್ತದಂತಲ್ಲ, ಹಿಡಿದುಕೊಳ್ಳಲು ಅಲ್ಲೊಂದು ಕಂಬಿ ಹಾಕಬೇಕು ಎಂದೂ ಅನ್ನಿಸಿತು. ಅದೂ ಸುಳ್ಳಲ್ಲ, ಅದೇ ಹೆಚ್ಚು ಸಿಟ್ಟು ತರಿಸಿತು. ನನ್ನ ಹಣ, ನನ್ನ ಮಂಡಿ, ನನ್ನ ಹೆಂಡತಿಯ ಕಿಟಕಿ. ಇವಳ ಉಸಿರು. ಈ ಲೆಕ್ಕ ಯಾವ ವಕೀಲನಿಗೆ ಹೇಳುವುದು? ನೀರಿಗೆ ಸಾಕ್ಷಿ ಯಾರು? ಕುಡಿಯಲಿಲ್ಲ ಎಂದರೆ ಯಾರಿಗೆ ಗೊತ್ತಾಗುತ್ತದೆ?

ಪ್ಯಾಂಟಿನ ಜೇಬಿನಲ್ಲಿ ಫೋನು ನಡುಗಿತು. ದ್ರಾನೆ.

"ಅಳತೆ ತಗೊಂಡ್ಯಾ?"

"ತಗೊಂಡೆ."

"ತೊಟ್ಟಿಲು ಹಿಡಿಸುತ್ತಾ?"

"ಹಿಡಿಸುತ್ತೆ. ಕಿಟಕಿ ಕಡೆ ಬೇಡ, ಗಾಳಿ ಬರುತ್ತೆ. ಈಚೆ ಗೋಡೆಗೆ."

"ಬೆಳಕಿದೆಯಾ?" ಅವಳ ದನಿ ಓಡಿಬಂದು ನಿಂತ ಮಗುವಿನ ಹಾಗಿತ್ತು. "ಏನು ಕಾಣುತ್ತೆ ಕಿಟಕೀಲಿ?"

ಪಾಶ್ಕೊ ನೋಡಿದ. ಎದುರು ಮನೆಯ ಮಾಳಿಗೆ, ನೀರಿನ ಮರದ ತೊಟ್ಟಿ, ಅದರ ಮೇಲೆ ಸುಮ್ಮನೆ ಕೂತ ಪಾರಿವಾಳಗಳು, ಆಕಾಶ. ಕಾಲುಗಳಿರಲಿಲ್ಲ. "ಬೆಳಕಿದೆ," ಅಂದ. "ಸೋಮವಾರ ರುಜು ಹಾಕ್ತೀನಿ. ಆದರೆ ಕೇಳು ದ್ರಾನೆ. ಮಗು ಹುಟ್ಟೋದು ಅಲ್ಲೇ, ಆ ನೆಲಮಾಳಿಗೇಲೇ. ನಡೆಯೋದೂ ಅಲ್ಲೇ ಇರಬಹುದು. ಶಾಲೆಗೆ ಹೋಗೋದೂ ಅಲ್ಲಿಂದಲೇ ಇರಬಹುದು. ಯಾವಾಗ ಅಂತ ನೀನು ಕೇಳಬೇಡ. ನಾನೂ ಕೇಳಲ್ಲ. ಮನೇಲಿ ಯಾರೂ ಆ ಮಾತು ಎತ್ತೋ ಹಾಗಿಲ್ಲ."

ಆ ಕಡೆ ಮೆಣಸಿನಕಾಯಿ ಚಟಪಟ ಎನ್ನುವುದು ಕೇಳಿಸಿತು. ತಾಯಿ ಏನೋ ಕೇಳಿದಳು. ದ್ರಾನೆಯ ಉಸಿರು ಫೋನಿಗೆ ತಾಗಿ ಬಂತು, ಹೋಯಿತು, ಬಂತು. ಬೈಯುತ್ತಾಳೋ ಅಳುತ್ತಾಳೋ ಎಂದು ಅವನು ಹಲ್ಲು ಕಚ್ಚಿ ನಿಂತ.

"ಪಾಶ್ಕೊ," ಅಂದಳು ಅವಳು, ಬಹಳ ಮೆಲ್ಲಗೆ, ಅತ್ತೆಗೆ ಕೇಳಿಸದ ಹಾಗೆ. "ಅಲ್ಲಿ ಏನಾದ್ರೂ ಕುಡಿದ್ಯಾ?"

ಅವನು ತಿರುಗಿ ನೋಡಿದ. ಮೇಜಿನ ಮೇಲೆ ಎರಡು ಬಟ್ಟಲು ಹೊಗೆಯಾಡುತ್ತಿದ್ದವು. ಲೋಟವನ್ನು ಮುದುಕಿ ಆಗಲೇ ತೊಳೆದು ಬೋರಲು ಹಾಕಿದ್ದಳು.